ಬಳೆಗಾರ್ತಿಯ ಮನೆಯ ಹಿಂದಿನ ಕೋಣೆ

ಜೂನ್ 3, 2024, ಸೋಮವಾರ

ದಿನಚರಿ ಬರೆಯಿರಿ ಎಂದವರು ವಿಶಾಖಾ ಮೇಡಂ. ಮಹಿಳಾ ಸಹಾಯ ಕೇಂದ್ರದಲ್ಲಿ ನನ್ನ ಕೇಸು ನೋಡುವವರು. ‘ಯಾರಿಗೂ ತೋರಿಸಬೇಕಿಲ್ಲ ಮೌನವ್ವ, ನಿಮಗಾಗಿ ಬರೀರಿ’ ಎಂದರು. ನಾನು ನಂಬಿಲ್ಲ. ಎಂದಾದರೂ ಕೇಳಿದರೆ ತೋರಿಸಲು ಇನ್ನೊಂದು ನೋಟ್‌ಬುಕ್ ತಂದಿಟ್ಟಿದ್ದೇನೆ. ಅದರಲ್ಲಿ ಒಳ್ಳೊಳ್ಳೆಯ ಮಾತು ಬರೆಯುತ್ತೇನೆ.

ನನಗೆ ಬೇಕಾದದ್ದು ಒಂದೇ. ಈ ಮನೆ ಎಲ್ಲಿದೆ ಎಂದು ಅಮರೇಶನಿಗೆ ಗೊತ್ತಾಗಬಾರದು. ಐದು ವರ್ಷ ದೇವದುರ್ಗದಲ್ಲಿ ಅವನ ಹೆಂಡತಿಯಾಗಿದ್ದೆ. ಮೊಬೈಲ್ ಅಂಗಡಿ ಇಟ್ಟವನು. ಗಿರಾಕಿಗಳಿಗೆಲ್ಲ ‘ಬರ್ರಿ ಅಣ್ಣಾರ, ಕೂಡ್ರಿ’ ಎನ್ನುವವನು. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅವನ ಕೈ ಮಾತಾಡುತ್ತಿತ್ತು. ಎರಡು ಸಲ ತವರಿಗೆ, ಹಿರೇಕೊಟ್ನೆಕಲ್ಲಿಗೆ ಓಡಿ ಹೋದೆ. ಎರಡು ಸಲವೂ ಅವ್ವ ಉಡಿ ತುಂಬಿ, ಕೈ ಹಿಡಿದು ಬಸ್ ಹತ್ತಿಸಿ, ಅವನ ಮನೆಯವರೆಗೂ ಬಂದು ಬಿಟ್ಟು ಹೋದಳು. ಮೂರನೆಯ ಸಲ ಮಾನ್ವಿಯಲ್ಲಿ ಇಳಿದು ನಮ್ಮೂರ ಬಸ್ ಹತ್ತಲಿಲ್ಲ. ರಾಯಚೂರಿನ ಬಸ್ ಹತ್ತಿದೆ. ಅವ್ವನಿಗೂ ಹೇಳಿಲ್ಲ.

ಆರು ತಿಂಗಳು ಕೇಂದ್ರದ ಆಶ್ರಯದಲ್ಲಿದ್ದ ಮೇಲೆ ಮೇಡಂ ಕೊಡಿಸಿದ ಕೋಣೆ ಇದು. ಹಳೇ ಕೋಟೆಯೊಳಗಿನ ಅಂದ್ರೂನ್ ಕಿಲ್ಲಾದ ಒಂದು ಗಲ್ಲಿ. ಮನೆ ಮಾಲೀಕಳು ಸುಗ್ರಾ ಬೇಗಂ, ಅರವತ್ತು ದಾಟಿದ ಬಳೆಗಾರ್ತಿ. ಮುಂದಿನ ಪಡಸಾಲೆಯಲ್ಲಿ ಬಳೆ ಅಂಗಡಿ, ನಡುವೆ ಆಕೆಯ ಮನೆ, ಹಿಂದೆ ನನ್ನ ಕೋಣೆ. ಗಂಡ ಎಲ್ಲಿ, ಒಬ್ಬಳೇ ಯಾಕೆ, ಏನನ್ನೂ ಕೇಳಲಿಲ್ಲ. ಏನೂ ಕೇಳದವರು ಮೊದಲೇ ತಿಳಿದುಕೊಂಡಿರುತ್ತಾರೆ.

ಇಲ್ಲಿನ ಶಾಲೆಯಲ್ಲಿ ಪಾಠ ಹೇಳಲು ಮೂರನೇ ತರಗತಿ ಕೊಟ್ಟಿದ್ದಾರೆ. ಹೊರಗೆ ಹೋಗುವಾಗ ಬಾಗಿಲ ಸಂದಿಯಲ್ಲಿ ಸೀಮೆಸುಣ್ಣದ ಚೂರು ಇಟ್ಟು ಹೋಗುತ್ತೇನೆ. ಯಾರಾದರೂ ತೆರೆದರೆ ಬಿದ್ದು ಪುಡಿಯಾಗಿರುತ್ತದೆ.

ಜೂನ್ 6, ಗುರುವಾರ

ಚೂರು ಇಟ್ಟಲ್ಲೇ ಇತ್ತು. ಆದರೆ ಬೇರೆ ಒಂದು ಸಂಗತಿ ಕಂಡುಹಿಡಿದಿದ್ದೇನೆ.

ನಾನು ಸಂಜೆ ಪಡಸಾಲೆ ದಾಟಿ ಒಳಗೆ ಬಂದ ಮೇಲೆ ಆಕೆ ಯಾರಿಗೋ ಫೋನ್ ಮಾಡುತ್ತಾಳೆ. ನಿನ್ನೆಯೂ ಮಾಡಿದಳು, ಇವತ್ತೂ ಮಾಡಿದಳು. ಇವತ್ತು ಬಾಗಿಲಿಗೆ ಕಿವಿ ಹಚ್ಚಿ ಕೇಳಿದೆ. ‘ಬಂದಳ್ರಿ. ಹೌದ್ರಿ, ಒಬ್ಬಾಕಿನೇ. ಈಗ ಬಂದ್ಲು’ ಎಂದು ಫೋನಿಟ್ಟಳು.

ಮನೆಯವರ ಜೊತೆ, ನೆಂಟರ ಜೊತೆ ಆಕೆ ಮಾತಾಡುವುದು ದಖ್ಖನಿ ಉರ್ದುವಿನಲ್ಲಿ. ಈ ಕರೆ ಕನ್ನಡದಲ್ಲಿ. ಅಂದರೆ ಆ ಕಡೆ ಇರುವವರು ಅವರ ಪೈಕಿ ಅಲ್ಲ. ನನ್ನ ಪೈಕಿ.

ಜೂನ್ 11, ಮಂಗಳವಾರ

ಕರೆ ಮಾಡಿದಳು. ‘ಬಂದಳ್ರಿ.’

ಜೂನ್ 12, ಬುಧವಾರ

ಬೇಕೆಂದೇ ಒಂದು ತಾಸು ತಡವಾಗಿ ಬಂದೆ. ಆಕೆ ಗಲ್ಲಿಗೆ ಬಂದು ನಿಂತಿದ್ದಳು. ನನ್ನನ್ನು ಕಂಡದ್ದೇ ಒಳಗೆ ಹೋಗಿ ಫೋನ್ ಹಿಡಿದಳು. ಇನ್ನು ಸಂಶಯವೇ ಇಲ್ಲ.

ವಿಶಾಖಾ ಮೇಡಂಗೆ ಹೇಳಿದೆ. ‘ಸುಗ್ರಾ ಬೇಗಂ ಅಂಥವರಲ್ಲ, ಹತ್ತು ವರ್ಷದಿಂದ ಗೊತ್ತು’ ಎಂದರು. ಅಮರೇಶ ಅಂಥವನಲ್ಲ ಎಂದು ದೇವದುರ್ಗದಲ್ಲಿ ನೂರು ಮಂದಿ ಹೇಳುತ್ತಾರೆ.

ಜೂನ್ 18, ಮಂಗಳವಾರ

ನಿನ್ನೆ ಬಕ್ರೀದ್. ಆಕೆ ತಟ್ಟೆ ತುಂಬ ಬಿರಿಯಾನಿ ತಂದು ‘ತಿನ್ನು ಬೇಟಿ, ವಿಷ ಹಾಕಿಲ್ಲ’ ಎಂದಳು. ವಿಷದ ಮಾತು ತಾನಾಗಿಯೇ ಯಾಕೆ ತೆಗೆಯಬೇಕು? ಹಿಂದಿನ ಗಲ್ಲಿಯ ನಾಯಿಗೆ ಹಾಕಿ ಅರ್ಧ ತಾಸು ಅದನ್ನೇ ನೋಡುತ್ತ ನಿಂತೆ. ನಾಯಿಗೆ ಏನೂ ಆಗಲಿಲ್ಲ. ಇನ್ನೂ ಬೇಕೆಂದು ಬಾಲ ಅಲ್ಲಾಡಿಸಿತು. ನಾನು ಅನ್ನ, ಉಪ್ಪಿನಕಾಯಿ ಉಂಡೆ. ಹೊಟ್ಟೆ ಉರಿಯಿತು.

ಇವತ್ತು ತಟ್ಟೆ ಕೊಡಲು ಹೋದಾಗ ಕೈ ಹಿಡಿದುಬಿಟ್ಟಳು. ಬಲಗೈ ಸೆರಗಿನೊಳಗೆ ಎಳೆದುಕೊಂಡೆ. ‘ಬಳಿಗಾರ್ತಿ ಮುಂದ ಕೈ ಮುಚ್ಚಿಕೊಂತಾರೇನು?’ ಎಂದು ನಕ್ಕಳು. ಆಮೇಲೆ ಸೆರಗು ಸರಿದು ಅವಳ ಕಣ್ಣು ಬಲಗೈ ಗಡಿಯಾರದ ಪಟ್ಟಿಯ ಕೆಳಗೆ ಹೋಯಿತು. ನಗು ನಿಂತಿತು. ಅಲ್ಲಿ ಗಾಯದ ಗುರುತಿದೆ. ಅಮರೇಶ ಕೈ ತಿರುವಿದಾಗ ಹಸಿರು ಬಳೆ ಒಡೆದು ಗಾಜು ಒಳಗೆ ಹೊಕ್ಕಿತ್ತು. ಅಂದಿನಿಂದ ನಾನು ಗಾಜಿನ ಬಳೆ ಹಾಕಿಲ್ಲ.

ಆಕೆ ಗುರುತಿನ ಬಗ್ಗೆ ಏನೂ ಕೇಳಲಿಲ್ಲ. ತನ್ನ ಗಂಡನ ಸುದ್ದಿ ಹೇಳತೊಡಗಿದಳು. ತೀರಿಹೋದ ಮಹಮ್ಮದ್ ಹುಸೇನರು ಬಳೆಯ ಗಂಟು ಹೊತ್ತು ಮಾನ್ವಿ ಕಡೆಯ ಹಳ್ಳಿಗಳನ್ನೆಲ್ಲ ತಿರುಗುತ್ತಿದ್ದರಂತೆ. ಈಗ ಆ ದಾರಿಯಲ್ಲಿ ಅವರ ತಮ್ಮನ ಮಗ ಮುಜಾಹಿದ್ ಬೈಕಿನ ಮೇಲೆ ಹೋಗುತ್ತಾನಂತೆ. ‘ಕುರ್ಡಿ, ಮಲ್ಲಟ, ಹಿರೇಕೊಟ್ನೆಕಲ್’ ಎಂದು ಬೆರಳು ಮಡಚಿ ಎಣಿಸಿದಳು. ನಮ್ಮೂರ ಹೆಸರು ಬಂದದ್ದೇ ತಟ್ಟೆ ಅಲ್ಲೇ ಇಟ್ಟು ಕೋಣೆಗೆ ಬಂದುಬಿಟ್ಟೆ.

ನಮ್ಮೂರಿಗೆ ಬರುವ ಬಳೆಗಾರರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕಟ್ಟೆಯ ಮೇಲೆ ಗಂಟು ಬಿಚ್ಚಿದರೆ ಬಳೆಗಿಂತ ಮೊದಲು ಸುದ್ದಿ ಹೊರಗೆ ಬರುತ್ತಿತ್ತು. ಯಾವ ಊರಿಗೆ ಕೊಟ್ಟ ಮಗಳು ಸೊರಗಿದ್ದಾಳೆ, ಯಾರು ಬಸುರಿ, ಯಾರು ಅತ್ತೆಯ ಜೊತೆ ಜಗಳಾಡಿ ಬೇರೆಯಾದರು, ಎಲ್ಲ ಅವರಿಗೆ ಗೊತ್ತು. ಈ ಊರಿನ ಮಾತು ಆ ಊರಿಗೆ ಮುಟ್ಟಿಸುವುದು ಅವರ ಕಸುಬಿನಲ್ಲೇ ಇದೆ. ಅಂಥವರ ಮನೆಯಲ್ಲಿ ನನ್ನನ್ನು ಬಚ್ಚಿಟ್ಟಿದ್ದಾರೆ ಮೇಡಂ! ಎಂಥ ಜಾಣತನ.

ಜೂನ್ 29, ಶನಿವಾರ

ಒಂದು ಪರೀಕ್ಷೆ ಹೂಡಿದ್ದೇನೆ. ‘ಮುಂದಿನ ವಾರ ನನಗೆ ಸಿಂಧನೂರಿನ ಶಾಲೆಯಲ್ಲಿ ಕೆಲಸ ಸಿಗಬಹುದು, ಕೋಣೆ ಬಿಡಬೇಕಾಗಬಹುದು’ ಎಂದು ಸುಳ್ಳು ಹೇಳಿದೆ. ಸಿಂಧನೂರಿನಲ್ಲಿ ನನ್ನ ಜೊತೆ ಓದಿದ ಗೆಳತಿ ಇದ್ದಾಳೆ. ಅಮರೇಶ ಅಲ್ಲಿಗೆ ಹೋಗಿ ವಿಚಾರಿಸಿದರೆ ನನಗೆ ತಿಳಿಯುತ್ತದೆ.

ಸಂಜೆಯ ಕರೆ ಇವತ್ತು ಉದ್ದವಾಗಿತ್ತು.

ಜುಲೈ 2, ಮಂಗಳವಾರ

ಸಿಂಧನೂರಿಗೆ ಯಾರೂ ಹೋಗಿಲ್ಲ. ಬದಲಿಗೆ ಆಕೆ ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತಂದುಕೊಟ್ಟಳು. ‘ಹೊಸ ಊರಿಗೆ ಹೋದ್ರ ಉಣ್ಣಾಕ ಬೇಕಲ್ಲ.’ ಎಲ್ಲಿಯದು ಎಂದೆ. ‘ಬಂತು’ ಎಂದಳು. ಯಾರ ಮನೆಯಿಂದ ಏನು ತಾನಾಗಿ ಬರುತ್ತದೆ? ಮುಚ್ಚಳ ತೆಗೆಯದೆ ಮೇಲಿನ ಹಲಗೆಯ ಮೇಲಿಟ್ಟೆ.

ಜುಲೈ 5, ಶುಕ್ರವಾರ

ಚಟ್ನಿ ಚೆನ್ನಾಗಿದೆ. ಮೊದಲು ಸ್ವಲ್ಪವೇ ತಿಂದು ನೋಡಿದೆ.

ಜುಲೈ 15, ಸೋಮವಾರ

ಕೋರ್ಟಿನ ಆದೇಶ ಕೈಗೆ ಬಂತು. ಅವನು ನನ್ನ ಹತ್ತಿರ ಸುಳಿಯುವಂತಿಲ್ಲ, ಕೆಲಸದ ಜಾಗಕ್ಕೂ ಬರುವಂತಿಲ್ಲ, ಫೋನಿನಲ್ಲೂ ಕಾಡುವಂತಿಲ್ಲ. ಈ ಮನೆಯ ಗುರುತು ಅದರಲ್ಲಿ ಎಲ್ಲೂ ಇಲ್ಲ ಎಂದು ಮೇಡಂ ಎರಡು ಸಲ ಹೇಳಿದರು. ನಾನು ಮೂರು ಸಲ ಓದಿ ನೋಡಿದೆ. ಜೆರಾಕ್ಸ್ ಮಾಡಿಸಿ ಒಂದನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ. ಕಾಗದಕ್ಕೆ ಹೆದರುವ ಪೈಕಿ ಅಲ್ಲ ಅವನು.

ಶಾಲೆಯಲ್ಲಿ ‘ಹುಲಿಯ ಸ್ತ್ರೀಲಿಂಗ ಏನು’ ಎಂದು ಕೇಳಿದರೆ ಒಬ್ಬ ಹುಡುಗಿ ‘ಹುಲಿಯ ಹೆಂಡ್ತಿ, ಟೀಚರ್’ ಎಂದಳು. ನಗು ತಡೆಯಲಾಗದೆ ಕರಿಹಲಗೆಯ ಕಡೆ ತಿರುಗಿ ನಿಂತೆ. ಪಕ್ಕದ ತರಗತಿಯ ಟೀಚರ್ ಇಣುಕಿ ನೋಡಿದರು. ಅವರೇಕೆ ನೋಡಬೇಕಿತ್ತು?

ಜುಲೈ 28, ಭಾನುವಾರ

ಹದಿಮೂರು ದಿನ ಬರೆದೇ ಇಲ್ಲ. ಮರೆತೆ.

ಈಗ ನನ್ನ ಉಪಾಯ ಬೇರೆ. ಹತ್ತಿರ ಕೂತರೆ ಫೋನಿನಲ್ಲಿ ಯಾರಿದ್ದಾರೆಂದು ತಿಳಿಯಬಹುದು. ಅದಕ್ಕೇ ಶಾಲೆ ಬಿಟ್ಟು ಬಂದ ಮೇಲೆ ಪಡಸಾಲೆಯಲ್ಲೇ ಕೂಡುತ್ತೇನೆ, ಬೇರೆ ಕಾರಣವಿಲ್ಲ. ಸುಮ್ಮನೆ ಕೂತರೆ ಅನುಮಾನ ಬಂದೀತೆಂದು ಬಳೆ ವಿಂಗಡಿಸಿ ಕೊಡುತ್ತೇನೆ. ಎರಡು-ನಾಲ್ಕರ ಅಳತೆಯವು ಒಂದು ಕಡೆ, ಎರಡು-ಆರರವು ಇನ್ನೊಂದು ಕಡೆ. ಕೈ ನೋಡಿದರೆ ಅಳತೆ ಹೇಳುವಷ್ಟು ಕಲಿತಿದ್ದೇನೆ. ಬಿಗಿ ಹಿಡಿದ ಕೈಗೆ ದೊಡ್ಡ ಬಳೆಯೂ ಏರುವುದಿಲ್ಲ, ಸಡಿಲ ಬಿಟ್ಟರೆ ಸಣ್ಣದೂ ಸಲೀಸಾಗಿ ಹೋಗುತ್ತದೆ ಎಂದು ಸುಗ್ರಾ ಖಾಲಾ ತೋರಿಸಿಕೊಟ್ಟರು. ಖಾಲಾ ಎಂದರೆ ಚಿಕ್ಕಮ್ಮ, ಗಲ್ಲಿಯವರೆಲ್ಲ ಹಾಗೇ ಕರೆಯುತ್ತಾರೆ.

ಇವತ್ತು ಅವರ ಖಟ್ಟಾ ಸಾರಿಗೆ ಹುಣಸೆ ಜಾಸ್ತಿಯಾಗಿತ್ತು. ಹಾಗೆಯೇ ಹೇಳಿದೆ. ‘ಮೂರು ಬಟ್ಟಲು ಸುರುದ ಮ್ಯಾಲ ಹೇಳ್ತೀಯಲ್ಲ, ಟೀಚರಮ್ಮ!’ ಎಂದು ಬೈದರು. ಮಧ್ಯಾಹ್ನ ಮೂರು ತಾಸು ನಿದ್ದೆ ಬಂತು. ಅದರಲ್ಲಿ ಏನಾದರೂ ಹಾಕಿದ್ದರೋ ಹೇಗೆ.

ಕರೆ ಮಾತ್ರ ನಾನು ಒಳಗೆ ಹೋದ ಮೇಲೆಯೇ. ಇಷ್ಟು ಒಳ್ಳೆಯವರಾಗಿ ನಡೆದುಕೊಳ್ಳುವವರು ನನ್ನೆದುರಿಗೆ ಯಾಕೆ ಮಾತಾಡುವುದಿಲ್ಲ?

ಆಗಸ್ಟ್ 8, ಗುರುವಾರ

ತಪ್ಪು ಮಾಡಿದೆನೋ ಏನೋ.

ನಾಳೆ ನಾಗರ ಪಂಚಮಿ. ಗಲ್ಲಿಯಾಚೆಯ ಮನೆಗಳಿಗೆಲ್ಲ ಹೆಣ್ಣುಮಕ್ಕಳು ಬಂದಿದ್ದಾರೆ. ಶ್ರಾವಣವಾದ್ದರಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಸಂಜೆ ಗದ್ದಲ ಕರಗಿದ ಮೇಲೆ ಖಾಲಾ ನಮಾಜಿಗೆ ಒಳಗೆ ಹೋದರು. ಇವತ್ತು ಇನ್ನೂ ಕರೆ ಮಾಡಿರಲಿಲ್ಲ. ಫೋನು ಬಳೆಯ ಡಬ್ಬಿಗಳ ಮೇಲಿತ್ತು. ಎರಡು ತಿಂಗಳು ಕಾದಿದ್ದೆ. ಎತ್ತಿಕೊಂಡು, ಕೊನೆಯ ಸಲ ಹೋದ ನಂಬರನ್ನೇ ಒತ್ತಿದೆ. ಅಮರೇಶನ ದನಿ ಬಂದರೆ ಏನು ಮಾಡುವುದೆಂದು ಯೋಚಿಸಿರಲಿಲ್ಲ.

‘ಬಂದಳೇನ್ರಿ ಬೇಗಮ್ಮಾರ?’

ಅವ್ವ. ಎಂಟು ತಿಂಗಳ ಮೇಲೆ ಕೇಳಿದ ದನಿ.

‘ಯಾಕ್ರೀ ಸುಮ್ಮನದೀರಿ? ಹೊತ್ತು ಮುಳುಗ್ತು. ಇನ್ನೂ ಬಂದಿಲ್ಲೇನ್ರಿ ಆಕಿ?’

ಕರೆ ಕತ್ತರಿಸಿದೆ. ಮತ್ತೆ ರಿಂಗಾಯಿತು. ಫೋನು ಬಂದ್ ಮಾಡಿ ಇದ್ದಲ್ಲೇ ಇಟ್ಟು ಕೋಣೆಗೆ ಬಂದೆ. ಅಳು ಬಂತು, ಸಿಟ್ಟೂ ಬಂತು. ಎರಡು ಸಲ ಕೈಯಾರೆ ವಾಪಸ್ ಬಿಟ್ಟು ಬಂದವಳಿಗೆ, ನಾನು ಮನೆ ಮುಟ್ಟಿದೆನೋ ಇಲ್ಲವೋ ಯಾಕೆ ಬೇಕು? ಅವನೇ ಕೇಳಿಸುತ್ತಿರಬೇಕು. ಅವ್ವನನ್ನು ಮುಂದಿಟ್ಟುಕೊಂಡು ಹುಡುಕುತ್ತಿರಬೇಕು.

ಆಗಸ್ಟ್ 9, ಶುಕ್ರವಾರ, ಪಂಚಮಿ

ಬೆಳಿಗ್ಗೆ ಖಾಲಾ ಬಾಗಿಲು ಬಡಿದರು. ‘ನನ್ನ ಫೋನ್ ಬಂದ್ ಮಾಡಿದಾಕಿ ನೀನೇ ಏನು?’ ಅವರ ಮುಖ ಹಾಗೆ ಕೆಂಪಾದದ್ದನ್ನು ನಾನು ನೋಡಿರಲಿಲ್ಲ. ಹೌದೆಂದೆ. ನೀವು ಎರಡು ತಿಂಗಳಿಂದ ನನ್ನ ಸುದ್ದಿ ಮಾರುತ್ತಿದ್ದೀರಿ ಎಂದೂ ಅಂದೆ.

ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು. ಆಮೇಲೆ ಎಲ್ಲ ಹೇಳಿದರು. ನಾನು ಕಾಣೆಯಾದ ಮೇಲೆ ಅವ್ವ, ಊರಿಗೆ ಬಂದ ಬಳೆಗಾರರನ್ನೆಲ್ಲ ಹಿಡಿದು ಕೇಳುತ್ತಿದ್ದಳಂತೆ. ಹೆಣ್ಣುಮಕ್ಕಳ ಕೈ ನೋಡುವವರು ಅವರೇ ತಾನೆ? ಮುಜಾಹಿದನಿಗೂ ಹೇಳಿದ್ದಳಂತೆ, ‘ಬಲಗೈ ಮಣಿಕಟ್ಟಿನ ಮ್ಯಾಲ ಗಾಜು ಹೊಕ್ಕ ಗುರ್ತದ, ಎಲ್ಲ್ಯಾರ ಕಂಡ್ರ ಹೇಳಪ್ಪ.’ ಅವನು ಆ ಮಾತನ್ನು ಇಲ್ಲಿ ಹೇಳಿದ್ದ. ನಾನು ಕೋಣೆ ನೋಡಲು ಬಂದ ದಿನವೇ ಖಾಲಾ ನನ್ನ ಕೈ ನೋಡಿ ಗುರುತಿಸಿದ್ದರು.

‘ಜೀವಂತ ಅದಾಳ, ಚಲೋ ಅದಾಳ, ಎಲ್ಲಿ ಅಂತ ಮಾತ್ರ ಕೇಳಬ್ಯಾಡ್ರಿ ಅಂದೆ. ದಿನಾ ಸಂಜಿಕ ಮನಿ ಮುಟ್ಟಿದ್ಲು ಅಂತ ಒಂದು ಮಾತು ಹೇಳ್ರಿ ಸಾಕು ಅಂದ್ಲು ನಿಮ್ಮವ್ವ. ನಿನಗ ಹೇಳಿದ್ರ ಕೋಣಿ ಬಿಟ್ಟು ಓಡಿ ಹೋಗ್ತೀಯಂತ ಹೇಳಲಿಲ್ಲ. ಆ ಚಟ್ನಿ ಆಕಿದೇ.’

ನನಗೆ ಚಟ್ನಿ ಕೇಳಿಸಲಿಲ್ಲ. ಮಣಿಕಟ್ಟಿನ ಗುರುತು ಕೇಳಿಸಿತು. ಅದನ್ನು ನಾನು ಅವ್ವನಿಗೆ ತೋರಿಸಿರಲೇ ಇಲ್ಲ. ತಾನಾಗಿ ನೋಡಿದ್ದಾಳೆ. ನೋಡಿಯೂ ಉಡಿ ತುಂಬಿದ್ದಾಳೆ.

‘ಅದಲ್ಲ ಈಗಿನ ಮಾತು,’ ಎಂದರು ಖಾಲಾ. ಫೋನ್ ಮತ್ತೆ ಚಾಲೂ ಮಾಡಿದ ಕೂಡಲೇ ಅವ್ವನ ಕರೆ ಬಂದಿತ್ತಂತೆ. ನಿನ್ನೆ ನಾನು ಸುಮ್ಮನಿದ್ದು ಫೋನ್ ಬಂದ್ ಮಾಡಿದ್ದಕ್ಕೆ ಅವ್ವ ಹೌಹಾರಿ, ಅಮರೇಶನೇ ನನ್ನನ್ನು ಎಳೆದುಕೊಂಡು ಹೋಗಿದ್ದಾನೆಂದು ತಿಳಿದು, ಅವನಿಗೇ ಫೋನ್ ಮಾಡಿದ್ದಾಳೆ. ‘ರಾಯಚೂರಾಗ ಬಳಿಗಾರ್ತಿ ಮನ್ಯಾಗ ಚಂದಾಗಿ ಇದ್ದಾಕಿನ್ನ ಏನು ಮಾಡಿದೆಲೇ?’ ಎಂದು ಬೈದಿದ್ದಾಳೆ. ಮುಜಾಹಿದನ ಊರು ಗೊತ್ತಿದ್ದರಿಂದ ಜಾಗ ಅವಳೇ ಊಹಿಸಿಕೊಂಡಿದ್ದಳಂತೆ.

‘ಅವನೇನಂದ?’

‘ಏನೂ ಅನಲಿಲ್ಲಂತ. ರಾಯಚೂರಾಗ ಅದಾಳೇನು ಅಂದು ಫೋನಿಟ್ಟನಂತ.’

ಎಂಟು ತಿಂಗಳು ಮುಚ್ಚಿಟ್ಟದ್ದನ್ನು ನನ್ನ ಅನುಮಾನವೇ ಅವನ ಕೈಗೆ ಕೊಟ್ಟಿತು. ರಾಯಚೂರಿನಲ್ಲಿ ಬಳೆ ಅಂಗಡಿ ಬೇಕಾದಷ್ಟಿವೆ. ಅವನಿಗೆ ಬಿಡುವೂ ಬೇಕಾದಷ್ಟಿದೆ.

ಆಗಸ್ಟ್ 10, ಶನಿವಾರ

ಚೀಲ ಕಟ್ಟಿದ್ದೇನೆ. ಬಳ್ಳಾರಿಯಲ್ಲಿ ಒಂದು ಜಾಗವಿದೆ, ಬೇಕಾದರೆ ಇವತ್ತೇ ಕಳಿಸುತ್ತೇನೆ ಎಂದರು ವಿಶಾಖಾ ಮೇಡಂ. ಸೋಮವಾರ ಮಕ್ಕಳಿಗೆ ಕಿರುಪರೀಕ್ಷೆ ಇದೆ, ಮುಗಿಸಿ ಸಂಜೆ ಹೊರಡುತ್ತೇನೆ ಎಂದೆ. ಹಾಗೇಕೆ ಅಂದೆನೋ. ಪ್ರಾಣಕ್ಕಿಂತ ಪರೀಕ್ಷೆ ದೊಡ್ಡದೇ?

ಮಧ್ಯಾಹ್ನ ಮುಜಾಹಿದನ ಬೈಕಿನ ಹಿಂದೆ ಕೂತು ಅವ್ವ ಬಂದಳು. ಸಣ್ಣಗಾಗಿದ್ದಾಳೆ. ಹಿತ್ತಲಲ್ಲಿ ನಿಂತು ಮಾತಾಡಿದೆವು. ನಾನು ಗಡಿಯಾರ ಬಿಚ್ಚಿ ಕೈ ಮುಂದೆ ಹಿಡಿದೆ.

‘ಇದನ್ನ ನೋಡಿದ್ದೆಲ್ಲಾ ನೀ?’

‘ನೋಡಿದ್ದೆ.’

‘ಮತ್ತ?’

‘ಮಂದಿ ಏನಂತಾರ ಅನಕೊಂಡೆ. ಆ ಹೊತ್ತಿನ್ಯಾಗ ನನಗ ನಿನಗಿಂತ ಮಂದಿ ದೊಡ್ಡವರಾಗಿ ಕಂಡ್ರು. ತಪ್ಪಾತು ಮೌನವ್ವ.’

ಸಮಾಧಾನವಾಗಲಿಲ್ಲ. ತಪ್ಪಾಯಿತು ಎಂದು ಅಮರೇಶನೂ ಹೇಳುತ್ತಿದ್ದ, ಪ್ರತಿ ಸಲವೂ. ನನ್ನ ಕೋಣೆಗೆ ಬರಬೇಡ ಎಂದೆ. ಅವಳು ಹೋಗಿ ಖಾಲಾನ ಪಡಸಾಲೆಯಲ್ಲಿ ಕೂತಳು. ಅಲ್ಲೇ ಇದ್ದಾಳೆ. ಅವನು ಬಂದು ಎರಡು ಮೆತ್ತನೆಯ ಮಾತಾಡಿದರೆ ಕರಗುತ್ತಾಳೆ, ನನಗೆ ಗೊತ್ತು. ಮೂರನೇ ಸಲ ಉಡಿ ತುಂಬಲೆಂದೇ ಬಂದಿದ್ದರೂ ಬಂದಿರಬಹುದು.

ಆಗಸ್ಟ್ 11, ಭಾನುವಾರ

ಖಾಲಾಗೆ ಕೇಳಿದೆ, ಬಳ್ಳಾರಿಗೆ ಹೋಗಲೋ ಬೇಡವೋ. ‘ಹೊಡತ ತಿಂದಾಕಿ ನೀನು. ಇರು ಅನ್ನಾಕ ನಾ ಯಾರು, ಹೋಗು ಅನ್ನಾಕ ನಾ ಯಾರು?’ ಎಂದು ಬಳೆ ಒರೆಸುತ್ತ ಕೂತರು. ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಅವರ ಮೇಲೆ ಹೊರಿಸಿಬಿಡಬಹುದಿತ್ತು.

ಆಗಸ್ಟ್ 12, ಸೋಮವಾರ

ಅಕ್ಷರ ಸೊಟ್ಟಗಾದರೆ ಆಗಲಿ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಐದು ಗಂಟೆಗೆ ಪರೀಕ್ಷೆಯ ಹಾಳೆಗಳ ಕಟ್ಟು ಹಿಡಿದು ಗಲ್ಲಿಯ ತಿರುವಿಗೆ ಬಂದೆ. ಪಡಸಾಲೆಯ ಮುಂದೆ ಅವನ ಬೈಕು. ಮೆಟ್ಟಿಲ ಹತ್ತಿರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅವನು ನಿಂತಿದ್ದ. ಬಳೆ ಇಡಿಸಿಕೊಳ್ಳಲು ಬಂದ ಏಳೆಂಟು ಹೆಂಗಸರು ಕೂತಿದ್ದರು. ಅವನು ಇನ್ನೂ ನನ್ನನ್ನು ನೋಡಿರಲಿಲ್ಲ. ಹಿಂದಕ್ಕೆ ತಿರುಗಿ ಓಡಿದರೆ ಬಸ್‌ಸ್ಟ್ಯಾಂಡಿಗೆ ಹತ್ತು ನಿಮಿಷ. ಗೋಡೆಗೆ ಆತು ನಿಂತು ಪೊಲೀಸರ ಒಂದು-ಒಂದು-ಎರಡಕ್ಕೆ ಫೋನ್ ಮಾಡಿದೆ. ಹೆಸರು, ಆದೇಶದ ನಂಬರು, ಗಲ್ಲಿಯ ಗುರುತು ಹೇಳಿದೆ. ‘ದೂರ ಇರ್ರಿ ಮೇಡಂ, ಗಾಡಿ ಬರ್ತದ’ ಎಂದರು.

ದೂರ ಇರಬೇಕಿತ್ತು. ಆದರೆ ಅವನು ಖಾಲಾನ ಜೊತೆ ಮಾತು ಬಿಟ್ಟು ಅವ್ವನ ಕಡೆ ತಿರುಗಿದ್ದು ಕಂಡಿತು. ಅವ್ವ ಏನು ಹೇಳುತ್ತಾಳೆಂದು ನನ್ನ ಕಿವಿಯಿಂದಲೇ ಕೇಳಬೇಕಿತ್ತು. ನಡೆದುಕೊಂಡು ಹೋಗಿ ಹೆಂಗಸರ ನಡುವೆ ನಿಂತೆ.

ನನ್ನನ್ನು ಕಂಡು ಅವನ ಮುಖ ಅರಳಿತು. ಗಿರಾಕಿಗಳನ್ನು ಕಂಡಾಗ ಅರಳುವ ಹಾಗೆ. ‘ನೋಡ್ರಿ ಯವ್ವಾ, ಸಣ್ಣ ಮಾತಿಗೆ ಮುನಿಸಿಕೊಂಡು ಬಂದಾಳ. ಊಟ ಬಿಟ್ಟು ಹುಡುಕಾಕತ್ತೀನಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಹೆಂಗಸರಲ್ಲಿ ಒಬ್ಬಳು ಅಯ್ಯೋ ಪಾಪ ಎಂದಳು. ಆಮೇಲೆ ಅವ್ವನಿಗೆ ಕೈ ಮುಗಿದ. ‘ಅತ್ತಿ, ನೀವು ದೊಡ್ಡವರು. ಯಾವಾಗಲೂ ನೀವೇ ತಿಳಿಸಿ ಹೇಳಿ ಕಳಿಸೀರಿ. ಈಗೂ ನೀವೇ ಒಂದು ಮಾತು ಹೇಳ್ರಿ.’

ನಾನು ಅವ್ವನನ್ನೇ ನೋಡಿದೆ. ಅವಳು ಎದ್ದು ನಿಂತಳು. ಉಡಿ ತುಂಬುವಾಗ ಏಳುವ ಹಾಗೆಯೇ, ಒಂದು ಕೈ ಮೊಣಕಾಲಿಗೆ ಊರಿ.

‘ಎರಡು ಸಲ ನಾನೇ ಕಳಿಸೀನಿ. ಎರಡು ಸಲನೂ ಆಕಿನ್ನ ಕೇಳಲಿಲ್ಲ, ನೀ ಹೋಗ್ತೀಯೇನು ಅಂತ. ನನ್ನೇನು ಕೇಳ್ತಿ? ಆಕಿನ್ನ ಕೇಳು.’

ಅವನು ನನ್ನನ್ನು ಕೇಳಲಿಲ್ಲ. ‘ನಡಿ’ ಎಂದು ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದ. ಖಾಲಾ ಕೂತಲ್ಲಿಂದಲೇ ‘ಹಾಥ್ ನಕ್ಕೊ ಲಗಾ!’ ಎಂದು ಗದರಿದರು. ಕೈ ಹಚ್ಚಬೇಡ ಎಂಬುದು ಗಾಬರಿಗೆ ದಖ್ಖನಿಯಲ್ಲಿ ಬಂದಿತ್ತು. ಗಲ್ಲಿಗೆಲ್ಲ ಕೇಳಿಸಿತು. ನಾನು ಹೆಗಲ ಚೀಲದಿಂದ ಆದೇಶ ತೆಗೆದು ಓದತೊಡಗಿದೆ. ಮೊದಲ ಸಾಲು ಅರ್ಧಕ್ಕೆ ನಿಂತಿತು. ಮತ್ತೆ ಮೊದಲಿನಿಂದ, ಹಿಂದಿನ ಬೆಂಚಿಗೂ ಕೇಳುವಂತೆ ಓದುವ ದನಿಯಲ್ಲಿ ಓದಿದೆ. ‘ಅರ್ಜಿದಾರಳಿಗೆ ಯಾವುದೇ ರೀತಿಯ ದೈಹಿಕ ಹಿಂಸೆ’ ಎಂಬಲ್ಲಿಗೆ ಬಂದಾಗ, ಅಯ್ಯೋ ಪಾಪ ಎಂದಿದ್ದ ಹೆಂಗಸು ಎದ್ದು ನನ್ನ ಪಕ್ಕಕ್ಕೆ ಬಂದು ನಿಂತಳು. ಉಳಿದವರೂ ಎದ್ದರು. ಒಬ್ಬಳ ಕೈಗೆ ಅರ್ಧವೇ ಬಳೆ ಏರಿತ್ತು.

‘ಮಂದಿ ಮುಂದ ಮರ್ಯಾದಿ ಕಳೀಬ್ಯಾಡ’ ಎಂದು ಅವನು ಹಲ್ಲು ಕಚ್ಚಿ ಹೇಳಿದ. ನಾನು ಓದುತ್ತಲೇ ಇದ್ದೆ, ಕೊನೆಯ ಸಾಲು ಮುಗಿಯುವವರೆಗೆ. ಅವನು ಬೈಕಿನ ಕಡೆ ಹೋಗುವಷ್ಟರಲ್ಲಿ ಪೊಲೀಸ್ ಗಾಡಿ ಗಲ್ಲಿಯ ಬಾಯಿಗೆ ಬಂದು ನಿಂತಿತು.

ಪುರುಷ ಪೊಲೀಸ್ ಅವನನ್ನು ಬದಿಗೆ ಕರೆದು ನಿಲ್ಲಿಸಿಕೊಂಡರು. ಮಹಿಳಾ ಪೊಲೀಸ್ ನನ್ನ ಹತ್ತಿರ ಬಂದು ಆದೇಶ ನೋಡಿ, ಹಾಳೆ ತೆಗೆದು, ಪೆನ್ನು ಹಿಡಿದರು. ಅವನು ಎರಡು ಮಾರು ದೂರದಲ್ಲಿದ್ದ, ಎಲ್ಲ ಕೇಳಿಸುತ್ತಿತ್ತು.

‘ಹೆಸರು?’

ಹೇಳಿದೆ.

‘ವಿಳಾಸ?’

ಅವನು ನನ್ನನ್ನೇ ನೋಡುತ್ತಿದ್ದ. ಅವ್ವ ಬಾಯಿ ತೆರೆದವಳು ಮುಚ್ಚಿಕೊಂಡಳು. ಮನೆಯ ನಂಬರು ಹೇಳಿದೆ. ಗಲ್ಲಿಯ ಹೆಸರು ಹೇಳಿದೆ. ಅಂದ್ರೂನ್ ಕಿಲ್ಲಾ, ರಾಯಚೂರು. ಮಕ್ಕಳಿಗೆ ಉಕ್ತಲೇಖನ ಹೇಳುವಾಗಿನಂತೆ ನಿಧಾನ, ಬಿಡಿಬಿಡಿಯಾಗಿ.

ಆಕೆ ಬರೆದುಕೊಂಡು ತಲೆ ಎತ್ತಿದರು. ‘ಇದು ತಾತ್ಕಾಲಿಕನ್ರೋ, ಖಾಯಂನ್ರೋ?’

ಒಳಗೆ ಬಳ್ಳಾರಿಗೆಂದು ನನ್ನ ಚೀಲ ಕಟ್ಟಿಟ್ಟದ್ದು ನನಗೆ ಗೊತ್ತಿತ್ತು. ಖಾಲಾಗೂ ಗೊತ್ತಿತ್ತು.

‘ಖಾಯಂ ಅಂತ ಬರಕೋರಿ’ ಎಂದೆ.